ಮೈಸೂರಿನ ತರಗತಿಯಿಂದ ಆಕ್ಸ್‌ಫರ್ಡ್ ಪೀಠಕ್ಕೆ: ಧರ್ಮಗಳ ಅಧ್ಯಯನಕ್ಕೆ ಬಾಗಿಲು ತೆರೆದ ರಾಧಾಕೃಷ್ಣನ್

ಮೈಸೂರು: ಪ್ರತಿ ವರ್ಷ ಸೆಪ್ಟೆಂಬರ್ 5 ಬಂತೆಂದರೆ ರಾಜ್ಯದ ಶಾಲಾ ಕಾಲೇಜುಗಳಲ್ಲಿ ಡಾ. ಸರ್ವೆಪಲ್ಲಿ ರಾಧಾಕೃಷ್ಣನ್ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಅಂದಿನ ಸಮಾರಂಭಗಳಲ್ಲಿ ಭಾಷಣಕಾರರು ತಪ್ಪದೆ ಹೇಳುವ ಪ್ರಸಂಗವೊಂದಿದೆ. 1921ರಲ್ಲಿ ಅವರು ಮೈಸೂರಿನ ಮಹಾರಾಜಾ ಕಾಲೇಜನ್ನು ಬಿಟ್ಟು ಕಲ್ಕತ್ತಕ್ಕೆ ಹೊರಟಾಗ, ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟಿನ ಕುದುರೆಗಳನ್ನು ಬಿಚ್ಚಿ, ಅದನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರೆಂಬುದೇ ಆ ಪ್ರಸಂಗ.

ಗುರುವಿಗೆ ಶಿಷ್ಯರು ತೋರಿದ ಆ ಗೌರವ ನೂರು ವರ್ಷ ಕಳೆದರೂ ಈ ನಗರದ ನೆನಪಿನಿಂದ ಮರೆಯಾಗಿಲ್ಲ. ಆದರೆ ಆ ಗುರು ಪಾಠದ ಕೊಠಡಿಯಲ್ಲಿ ಯಾವ ಪ್ರಶ್ನೆಯನ್ನು ಎತ್ತಿಕೊಂಡಿದ್ದರು, ಮುಂದಿನ ಐದು ದಶಕಗಳ ಕಾಲ ಅದನ್ನು ಎಲ್ಲೆಲ್ಲಿಗೆ ಒಯ್ದರು ಎಂಬುದು ಮಾತ್ರ ವೇದಿಕೆಗಳ ಮೇಲೆ ಅಪರೂಪಕ್ಕೆ ಕೇಳಿಬರುವ ವಿಷಯ. ಒಂದು ಧರ್ಮದಲ್ಲಿ ಹುಟ್ಟಿ ಬೆಳೆದವನು ಇನ್ನೊಂದು ಧರ್ಮವನ್ನು ಅರಿಯುವುದು ಹೇಗೆ, ಆ ಅರಿವನ್ನು ನೀಡುವ ಹೊಣೆ ವಿಶ್ವವಿದ್ಯಾನಿಲಯದ್ದೇ ಎಂಬುದು ಆ ಪ್ರಶ್ನೆ. ರಾಧಾಕೃಷ್ಣನ್ ಅವರ ಬದುಕನ್ನು ಈ ದೃಷ್ಟಿಯಿಂದ ನೋಡಿದರೆ ರಾಷ್ಟ್ರಪತಿ ಭವನಕ್ಕಿಂತ ತರಗತಿಯೇ ಅದರ ಕೇಂದ್ರವಾಗಿ ಕಾಣುತ್ತದೆ.

ಮಿಷನ್ ಶಾಲೆಯ ವಿದ್ಯಾರ್ಥಿ

ರಾಧಾಕೃಷ್ಣನ್ ಹುಟ್ಟಿದ್ದು 1888ರ ಸೆಪ್ಟೆಂಬರ್ 5ರಂದು, ಅಂದಿನ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ತಿರುತ್ತಣಿಯಲ್ಲಿ. ತೆಲುಗು ಮನೆಮಾತಿನ ಬ್ರಾಹ್ಮಣ ಕುಟುಂಬ. ತಂದೆ ವೀರಾಸ್ವಾಮಿಯವರು ಜಮೀನುದಾರರೊಬ್ಬರ ಕೈಕೆಳಗೆ ಕಂದಾಯದ ಕೆಲಸದಲ್ಲಿದ್ದ ಸಣ್ಣ ನೌಕರರು. ಮನೆಯಲ್ಲಿ ಅನುಕೂಲ ಕಡಿಮೆ. ಆದ್ದರಿಂದ ವಿದ್ಯಾರ್ಥಿವೇತನಗಳ ನೆರವಿನಿಂದಲೇ ಅವರ ಓದು ಮುಂದುವರಿಯಿತು.

ಮನೆಯಲ್ಲಿ ಪೂಜೆ ಪುನಸ್ಕಾರಗಳ ವಾತಾವರಣವಿದ್ದರೂ ಅವರು ಕಲಿತದ್ದು ಬಹುಪಾಲು ಕ್ರೈಸ್ತ ಮಿಷನ್‌ಗಳ ವಿದ್ಯಾಸಂಸ್ಥೆಗಳಲ್ಲಿ. ತಿರುಪತಿಯಲ್ಲಿ ಜರ್ಮನಿಯ ಲೂಥರನ್ ಮಿಷನ್ ಶಾಲೆ, ವೆಲ್ಲೂರಿನಲ್ಲಿ ವೂರೀಸ್ ಕಾಲೇಜು, ಬಳಿಕ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು. ತತ್ತ್ವಶಾಸ್ತ್ರವನ್ನು ಅವರು ಬಹಳ ಯೋಚಿಸಿ ಆರಿಸಿಕೊಂಡದ್ದೂ ಅಲ್ಲ. ಅದೇ ವಿಷಯದಲ್ಲಿ ಪದವಿ ಮುಗಿಸಿದ್ದ ಬಂಧುವೊಬ್ಬರು ತಮ್ಮ ಪಠ್ಯಪುಸ್ತಕಗಳನ್ನು ಕೊಟ್ಟದ್ದರಿಂದ, ಪುಸ್ತಕದ ಖರ್ಚು ಉಳಿಯುತ್ತದೆಂದು ಆ ವಿಷಯವನ್ನು ತೆಗೆದುಕೊಂಡರು.

ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ತರಗತಿಗಳಲ್ಲಿ ಹಿಂದೂ ಧರ್ಮ ಕಟುವಾದ ವಿಮರ್ಶೆಗೆ ಒಳಗಾಗುತ್ತಿತ್ತು. ಜಗತ್ತು ಮಾಯೆಯೆನ್ನುವ ವೇದಾಂತದಲ್ಲಿ ನೀತಿಗೆ ಸ್ಥಳವಿಲ್ಲ, ಕರ್ಮ ಸಿದ್ಧಾಂತ ಮನುಷ್ಯನನ್ನು ನಿಷ್ಕ್ರಿಯನನ್ನಾಗಿ ಮಾಡುತ್ತದೆ ಎಂಬುದು ಮಿಷನರಿ ವಿದ್ವಾಂಸರ ಸಾಮಾನ್ಯ ಆಕ್ಷೇಪ. ಇಂಥ ಮಾತು ಕೇಳಿ ಕುದಿಯುವವರಿದ್ದರು, ಮತಾಂತರಗೊಂಡವರೂ ಇದ್ದರು. ಇಪ್ಪತ್ತರ ಹರೆಯದ ರಾಧಾಕೃಷ್ಣನ್ ಹಿಡಿದದ್ದು ಮೂರನೆಯ ದಾರಿ. ಈ ಆಕ್ಷೇಪದಲ್ಲಿ ಎಷ್ಟು ಸತ್ಯವಿದೆ ಎಂದು ತಿಳಿಯಲು ಅವರು ತಮ್ಮದೇ ಪರಂಪರೆಯ ಮೂಲ ಗ್ರಂಥಗಳ ಕಡೆಗೆ ತಿರುಗಿದರು. ಎಂ.ಎ. ಪದವಿಗೆ ಅವರು ಬರೆದ ಪ್ರಬಂಧದ ವಿಷಯ ವೇದಾಂತದ ನೀತಿಶಾಸ್ತ್ರ. 1908ರಲ್ಲಿ ಅದು ಪುಸ್ತಕವಾಗಿ ಅಚ್ಚಾಯಿತು.

ಆ ಪ್ರಬಂಧವನ್ನು ಪರಿಶೀಲಿಸಬೇಕಾಗಿದ್ದವರು ಸ್ಕಾಟ್ಲೆಂಡಿನ ಮಿಷನರಿ ಪ್ರಾಧ್ಯಾಪಕ ಎ.ಜಿ. ಹಾಗ್. ಶಿಷ್ಯನ ವಾದ ಗುರುವಿನ ನಂಬಿಕೆಗೆ ಎದುರಾಗಿತ್ತು. ಆದರೂ ಹಾಗ್ ಅದನ್ನು ಮನಸಾರೆ ಮೆಚ್ಚಿಕೊಂಡರು. ಮುಂದೆ ಇದೇ ಹಾಗ್, 1938ರಲ್ಲಿ ತಾಂಬರಂನಲ್ಲಿ ನಡೆದ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನದ ಸಂದರ್ಭದಲ್ಲಿ, ಕ್ರೈಸ್ತೇತರ ಧರ್ಮಗಳಲ್ಲಿಯೂ ದೇವರೊಡನೆ ನಿಜವಾದ ಸಂಬಂಧ ಇರಬಲ್ಲದು ಎಂದು ತಮ್ಮವರೊಡನೆಯೇ ವಾದಿಸಿದರು. ತರಗತಿಯೊಳಗಿನ ವಾಗ್ವಾದದಲ್ಲಿ ಗುರು ಶಿಷ್ಯರಿಬ್ಬರೂ ತಂತಮ್ಮ ಧರ್ಮವನ್ನು ಬಿಡಲಿಲ್ಲ, ಪರಸ್ಪರ ಗೌರವವನ್ನೂ ಕಳೆದುಕೊಳ್ಳಲಿಲ್ಲ. ಅಂತರಧರ್ಮೀಯ ಸಂವಾದ ಎಂಬ ಮಾತು ಚಾಲ್ತಿಗೆ ಬರುವ ಬಹು ಮೊದಲೇ ಅದರ ಒಂದು ಮಾದರಿ ಅಲ್ಲಿ ನಡೆದುಹೋಗಿತ್ತು.

ಮೈಸೂರಿನ ಮೂರು ವರ್ಷ

1909ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿ ಆರಂಭಿಸಿದ ರಾಧಾಕೃಷ್ಣನ್, ಕೆಲಕಾಲ ರಾಜಮಹೇಂದ್ರಿಯಲ್ಲಿ ಕೆಲಸ ಮಾಡಿ, 1918ರಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಮೈಸೂರಿಗೆ ಬಂದರು. ಆಗ ಅವರಿಗೆ ಮೂವತ್ತು ವರ್ಷ.

ಮೈಸೂರು ವಿಶ್ವವಿದ್ಯಾನಿಲಯಕ್ಕೆ ಆಗ ಎರಡೇ ವರ್ಷ. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ಸರ್ ಎಂ. ವಿಶ್ವೇಶ್ವರಯ್ಯ ಅವರ ಆಸ್ಥೆಯಿಂದ 1916ರ ಜುಲೈ 27ರಂದು ಆರಂಭವಾದ ಈ ವಿಶ್ವವಿದ್ಯಾನಿಲಯ ದೇಶೀಯ ಸಂಸ್ಥಾನವೊಂದು ಸ್ಥಾಪಿಸಿದ ಮೊದಲನೆಯದು. ಅಲ್ಲಿಯವರೆಗೆ ಇಲ್ಲಿನ ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ವಿದ್ಯಾರ್ಥಿಗಳನ್ನು ಕಳುಹಿಸುತ್ತಿದ್ದವು. ಈಗ ಏನನ್ನು ಕಲಿಸಬೇಕು, ಹೇಗೆ ಕಲಿಸಬೇಕು ಎಂಬುದನ್ನು ಮೈಸೂರೇ ತೀರ್ಮಾನಿಸಬಹುದಾಗಿತ್ತು. ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು.

ಮಹಾರಾಜಾ ಕಾಲೇಜಿನ ಅಂದಿನ ಅಧ್ಯಾಪಕ ವರ್ಗವೂ ಗಮನಾರ್ಹವಾದುದು. ಸಂಸ್ಕೃತ ಹಾಗೂ ಭಾರತೀಯ ದರ್ಶನಗಳ ಮಹಾವಿದ್ವಾಂಸ ಎಂ. ಹಿರಿಯಣ್ಣನವರು ಅಲ್ಲಿದ್ದರು. ರಾಧಾಕೃಷ್ಣನ್ ಬರುವುದಕ್ಕೆ ಸ್ವಲ್ಪ ಮೊದಲು ತತ್ತ್ವಶಾಸ್ತ್ರ ವಿಭಾಗ ಸೇರಿದ್ದ ಎ.ಆರ್. ವಾಡಿಯಾ ಪಾರ್ಸಿ ಸಮುದಾಯದವರು. ಹೀಗೆ ವೇದಾಂತದ ಮನೆತನದಿಂದ ಬಂದವರೂ ಜರತುಷ್ಟ್ರನ ಅನುಯಾಯಿಗಳ ಮನೆಯಿಂದ ಬಂದವರೂ ಒಂದೇ ವಿಭಾಗದಲ್ಲಿ ಪ್ಲೇಟೋವಿನಿಂದ ಬ್ರಾಡ್ಲೆಯವರೆಗಿನ ಪಾಶ್ಚಾತ್ಯ ತತ್ತ್ವಜ್ಞರನ್ನು ಬೋಧಿಸುತ್ತಿದ್ದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಾಶಾಸ್ತ್ರಿಗಳಿಂದ ಹೆಸರಾದ ಓರಿಯೆಂಟಲ್ ಲೈಬ್ರರಿ ಕಾಲೇಜಿನಿಂದ ಬಹು ದೂರವೇನೂ ಇರಲಿಲ್ಲ.

ಈ ಅವಧಿಯಲ್ಲಿ ರಾಧಾಕೃಷ್ಣನ್ ಅವರ ಎರಡು ಪುಸ್ತಕಗಳು ಲಂಡನ್ನಿನ ಮ್ಯಾಕ್‌ಮಿಲನ್ ಸಂಸ್ಥೆಯಿಂದ ಹೊರಬಂದವು. ಮೊದಲನೆಯದು ರವೀಂದ್ರನಾಥ ಠಾಕೂರರ ತತ್ತ್ವಚಿಂತನೆಯನ್ನು ಕುರಿತ 1918ರ ಗ್ರಂಥ. ಎರಡನೆಯದು 1920ರಲ್ಲಿ ಪ್ರಕಟವಾದ 'ದಿ ರೇನ್ ಆಫ್ ರಿಲಿಜನ್ ಇನ್ ಕಂಟೆಂಪರರಿ ಫಿಲಾಸಫಿ'. ಬರ್ಗ್‌ಸನ್, ವಿಲಿಯಂ ಜೇಮ್ಸ್ ಮೊದಲಾದ ಅಂದಿನ ಪ್ರಮುಖ ಚಿಂತಕರನ್ನು ಅವರು ಆ ಪುಸ್ತಕದಲ್ಲಿ ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ಇವರ ವಿಚಾರಗಳು ಶುದ್ಧ ತರ್ಕದಿಂದ ಹೊರಟಂತೆ ಕಂಡರೂ, ಹುಟ್ಟಿನಿಂದ ಬಂದ ಧಾರ್ಮಿಕ ನಂಬಿಕೆಗಳೇ ಅವುಗಳ ದಾರಿಯನ್ನು ಒಳಗೊಳಗೇ ತಿರುಗಿಸಿವೆ ಎಂಬುದು ಪುಸ್ತಕದ ವಾದ.

ಈ ವಾದದ ದಿಟ್ಟತನವನ್ನು ಇಂದು ಊಹಿಸುವುದು ಕಷ್ಟ. ಪೂರ್ವದೇಶಗಳಲ್ಲಿ ಧರ್ಮ ಮತ್ತು ತತ್ತ್ವ ಬೆರೆತುಹೋಗಿವೆ, ಪಶ್ಚಿಮದಲ್ಲಿ ಮಾತ್ರ ವಿಚಾರ ಸ್ವತಂತ್ರವಾಗಿದೆ ಎಂದು ನಂಬಲಾಗಿದ್ದ ಕಾಲವದು. ಆ ನಂಬಿಕೆಯನ್ನು ಮೈಸೂರಿನ ಅಧ್ಯಾಪಕರೊಬ್ಬರು ಬುಡಮೇಲು ಮಾಡಿದ್ದರು. ಮದ್ರಾಸಿನಲ್ಲಿ ತಮ್ಮ ಧರ್ಮವನ್ನು ಪರೀಕ್ಷೆಗೆ ಒಡ್ಡಿದವರ ಪೂರ್ವಗ್ರಹಗಳನ್ನೂ ಅಷ್ಟೇ ಶಿಸ್ತಿನಿಂದ ಪರೀಕ್ಷೆಗೆ ಒಡ್ಡಬಹುದು ಎಂದು ಅವರು ತೋರಿಸಿಕೊಟ್ಟರು. ಇಂಗ್ಲೆಂಡ್ ಮತ್ತು ಅಮೆರಿಕದ ವಿದ್ವತ್ ವಲಯದಲ್ಲಿ ಅವರ ಹೆಸರು ಪರಿಚಿತವಾದದ್ದು ಈ ಪುಸ್ತಕದಿಂದ.

ಎರಡು ನಗರಗಳ ನಡುವಿನ ವಿನಿಮಯ

ಕಲ್ಕತ್ತ ವಿಶ್ವವಿದ್ಯಾನಿಲಯದ ಚುಕ್ಕಾಣಿ ಹಿಡಿದಿದ್ದ ಸರ್ ಆಶುತೋಷ್ ಮುಖರ್ಜಿ ಈ ಯುವ ಪ್ರಾಧ್ಯಾಪಕರನ್ನು ಗುರುತಿಸಿದರು. ದೇಶದಲ್ಲಿ ತತ್ತ್ವಶಾಸ್ತ್ರದ ಅತ್ಯಂತ ಪ್ರತಿಷ್ಠಿತ ಹುದ್ದೆಯೆನಿಸಿದ್ದ ಐದನೇ ಜಾರ್ಜ್ ಪೀಠಕ್ಕೆ 1921ರಲ್ಲಿ ರಾಧಾಕೃಷ್ಣನ್ ನೇಮಕಗೊಂಡರು.

ಇಲ್ಲಿ ಮೈಸೂರಿಗೆ ಸಂಬಂಧಿಸಿದ ಸ್ವಾರಸ್ಯಕರ ಸಂಗತಿಯೊಂದಿದೆ. ಆ ಪೀಠವನ್ನು ಅವರಿಗಿಂತ ಮೊದಲು ಅಲಂಕರಿಸಿದ್ದ ಬ್ರಜೇಂದ್ರನಾಥ ಸೀಲ್ ಅವರು ಅದೇ ಹೊತ್ತಿಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಬಂದರು. ಸೀಲ್ ಅವರು ವೈಷ್ಣವ ಧರ್ಮ ಹಾಗೂ ಕ್ರೈಸ್ತ ಧರ್ಮಗಳನ್ನು ತೌಲನಿಕವಾಗಿ ಅಧ್ಯಯನ ಮಾಡಿ 1899ರಲ್ಲಿಯೇ ಪ್ರಕಟಿಸಿದ್ದ ವಿದ್ವಾಂಸರು, ಕಾಲೇಜಿನ ದಿನಗಳಲ್ಲಿ ಸ್ವಾಮಿ ವಿವೇಕಾನಂದರ ಒಡನಾಡಿ. ವಿವೇಕಾನಂದರು 1893ರ ಷಿಕಾಗೊ ಸರ್ವಧರ್ಮ ಸಮ್ಮೇಳನಕ್ಕೆ ತೆರಳುವ ಮುನ್ನ ಮೈಸೂರಿಗೆ ಬಂದು ಹತ್ತನೇ ಚಾಮರಾಜ ಒಡೆಯರ ಆತಿಥ್ಯ ಪಡೆದಿದ್ದರು. ಒಂದು ಧರ್ಮವನ್ನು ಇನ್ನೊಂದರ ಜೊತೆಗಿಟ್ಟು ನೋಡುವ ವಿಚಾರ ಈ ನಗರಕ್ಕೆ ಹೊಸದಾಗಿರಲಿಲ್ಲ. ಅದು ಅರಮನೆಯ ಆತಿಥ್ಯದಿಂದ ಕಾಲೇಜಿನ ಪಾಠಕ್ಕೆ, ಅಲ್ಲಿಂದ ಕುಲಪತಿಗಳ ಕೊಠಡಿಗೆ ದಾಟಿಬಂದಿತ್ತು.

ಕಲ್ಕತ್ತದಲ್ಲಿದ್ದಾಗ ರಾಧಾಕೃಷ್ಣನ್ ತಮ್ಮ ಪ್ರಸಿದ್ಧ ಗ್ರಂಥ 'ಇಂಡಿಯನ್ ಫಿಲಾಸಫಿ'ಯ ಎರಡು ಸಂಪುಟಗಳನ್ನು 1923 ಮತ್ತು 1927ರಲ್ಲಿ ಹೊರತಂದರು. 1926ರಲ್ಲಿ ಅವರು ಮೊದಲ ಬಾರಿಗೆ ವಿದೇಶ ಪ್ರವಾಸ ಕೈಗೊಂಡರು. ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಅಪ್ಟನ್ ಉಪನ್ಯಾಸಗಳು, ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ತೌಲನಿಕ ಧರ್ಮಾಧ್ಯಯನದ ಹ್ಯಾಸ್ಕೆಲ್ ಉಪನ್ಯಾಸಗಳು, ಹಾರ್ವರ್ಡಿನಲ್ಲಿ ಅಂತರರಾಷ್ಟ್ರೀಯ ತತ್ತ್ವಶಾಸ್ತ್ರ ಸಮ್ಮೇಳನ ಇವೆಲ್ಲವೂ ಆ ಒಂದೇ ವರ್ಷದಲ್ಲಿ ನಡೆದವು. ಆಕ್ಸ್‌ಫರ್ಡ್ ಉಪನ್ಯಾಸಗಳು ಮರುವರ್ಷ 'ದಿ ಹಿಂದೂ ವ್ಯೂ ಆಫ್ ಲೈಫ್' ಎಂಬ ಪುಸ್ತಕವಾಗಿ ಬಂದವು.

ಆಕ್ಸ್‌ಫರ್ಡ್‌ನ ಹೊಸ ಪೀಠ

ಬೈಬಲ್ ವಿದ್ವಾಂಸರೂ ಬೌದ್ಧ ಗ್ರಂಥಗಳನ್ನು ಬಲ್ಲವರೂ ಆಗಿದ್ದ ಎಸ್ಟ್ಲಿನ್ ಕಾರ್ಪೆಂಟರ್ ಅವರಿಂದ ತೆರವಾದ ಸ್ಥಾನದಲ್ಲಿ 1929ರಲ್ಲಿ ಮ್ಯಾಂಚೆಸ್ಟರ್ ಕಾಲೇಜಿನ ವಿದ್ಯಾರ್ಥಿಗಳಿಗೆ ತೌಲನಿಕ ಧರ್ಮವನ್ನು ಬೋಧಿಸಲು ರಾಧಾಕೃಷ್ಣನ್ ಅವರಿಗೆ ಆಹ್ವಾನ ಬಂದಿತು. ಮಿಷನ್ ಕಾಲೇಜಿನಲ್ಲಿ ತನ್ನ ಧರ್ಮದ ದೋಷಗಳನ್ನು ಕೇಳಿಸಿಕೊಂಡು ಕುಳಿತಿದ್ದ ಹುಡುಗ, ಇಪ್ಪತ್ತು ವರ್ಷಗಳ ಬಳಿಕ ಕ್ರೈಸ್ತ ಧರ್ಮಶಾಸ್ತ್ರದ ವಿದ್ಯಾರ್ಥಿಗಳಿಗೆ ಜಗತ್ತಿನ ಧರ್ಮಗಳನ್ನು ಪರಿಚಯಿಸುವ ಗುರುವಾಗಿದ್ದ.

ಎಚ್.ಎನ್. ಸ್ಪಾಲ್ಡಿಂಗ್ ಎಂಬ ದಾನಿಗೆ ಅವರ ಮಾತುಗಳಲ್ಲಿ ಬಹಳ ನಂಬಿಕೆ ಹುಟ್ಟಿತು. ಜಗತ್ತಿನ ಮಹಾಧರ್ಮಗಳು ಪರಸ್ಪರ ಹತ್ತಿರ ಬರಬೇಕು, ಅದಕ್ಕೆ ವಿಶ್ವವಿದ್ಯಾನಿಲಯವೇ ತಕ್ಕ ಸ್ಥಳ ಎಂಬುದು ಸ್ಪಾಲ್ಡಿಂಗ್ ಅವರ ಆಶಯ. ಅವರ ದತ್ತಿಯಿಂದ ಆಕ್ಸ್‌ಫರ್ಡಿನಲ್ಲಿ ಪೂರ್ವದೇಶಗಳ ಧರ್ಮ ಮತ್ತು ನೀತಿಶಾಸ್ತ್ರದ ಪ್ರಾಧ್ಯಾಪಕ ಪೀಠ ಸ್ಥಾಪನೆಗೊಂಡಿತು. 1936ರಲ್ಲಿ ಆ ಪೀಠದ ಮೊದಲ ಪ್ರಾಧ್ಯಾಪಕರಾದವರು ರಾಧಾಕೃಷ್ಣನ್. ಆಗಷ್ಟೇ ಅವರು ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಐದು ವರ್ಷಗಳ ಕುಲಪತಿ ಸ್ಥಾನ ಮುಗಿಸಿದ್ದರು. 1939ರಲ್ಲಿ ಪಂಡಿತ ಮದನಮೋಹನ ಮಾಳವೀಯರ ಒತ್ತಾಯಕ್ಕೆ ಮಣಿದು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಕುಲಪತಿ ಸ್ಥಾನವನ್ನೂ ವಹಿಸಿಕೊಂಡರು. ಆಕ್ಸ್‌ಫರ್ಡ್ ಪೀಠ 1952ರವರೆಗೆ ಅವರ ಹೆಸರಿನಲ್ಲಿತ್ತು.

ಅವರ ಬೋಧನೆಯ ತಿರುಳು ಸರಳವಾದದ್ದು. ಧರ್ಮದ ಜೀವಾಳ ಅನುಭವ. ಸಿದ್ಧಾಂತ, ಆಚರಣೆ, ಸಂಸ್ಥೆಗಳು ಆ ಅನುಭವವನ್ನು ಹೇಳಲು ಬೇರೆ ಬೇರೆ ಜನ ಬೇರೆ ಬೇರೆ ಕಾಲದಲ್ಲಿ ಕಂಡುಕೊಂಡ ಭಾಷೆಗಳು. ಹೀಗಿರುವಾಗ ಒಂದು ಭಾಷೆಯವರು ಇನ್ನೊಂದು ಭಾಷೆಯನ್ನು ಕಲಿಯಬೇಕೇ ಹೊರತು ಅಳಿಸಲು ಹೊರಡಬಾರದು ಎಂಬುದು ಅವರ ನಿಲುವು. ಭಗವದ್ಗೀತೆ ಮತ್ತು ಉಪನಿಷತ್ತುಗಳ ಜೊತೆಗೆ ಬೌದ್ಧರ ಧಮ್ಮಪದವನ್ನೂ ಅವರು ಇಂಗ್ಲಿಷಿಗೆ ಅನುವಾದಿಸಿದರು. 'ಈಸ್ಟರ್ನ್ ರಿಲಿಜನ್ಸ್ ಅಂಡ್ ವೆಸ್ಟರ್ನ್ ಥಾಟ್' ಎಂಬ 1939ರ ಗ್ರಂಥದಲ್ಲಿ ಗ್ರೀಸ್ ಮತ್ತು ಭಾರತದ ನಡುವಿನ ಪ್ರಾಚೀನ ಸಂಪರ್ಕಗಳನ್ನು ಚರ್ಚಿಸಿ, ಪೂರ್ವ ಪಶ್ಚಿಮಗಳು ಎಂದೂ ಪೂರ್ತಿ ಬೇರೆಯಾಗಿರಲಿಲ್ಲ ಎಂದು ವಾದಿಸಿದರು.

ಸಮನ್ವಯದ ಮಿತಿಗಳು

ರಾಧಾಕೃಷ್ಣನ್ ಅವರನ್ನು ಪೂಜಿಸುವವರು ಅವರ ಮೇಲಿನ ಟೀಕೆಗಳನ್ನು ಹೇಳುವುದಿಲ್ಲ, ಟೀಕಿಸುವವರು ಅವರ ಸಾಧನೆಯನ್ನು ಹೇಳುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡದೆ ಅವರ ಬದುಕಿನ ಪಾಠ ಪೂರ್ಣವಾಗುವುದಿಲ್ಲ.

ಮೊದಲನೆಯ ಟೀಕೆ ಅವರ ಸಮನ್ವಯವನ್ನೇ ಕುರಿತದ್ದು. 'ದಿ ಹಿಂದೂ ವ್ಯೂ ಆಫ್ ಲೈಫ್' ಗ್ರಂಥದಲ್ಲಿ ಅವರು ಉಪಾಸನೆಯ ಬಗೆಗಳನ್ನು ಮೆಟ್ಟಿಲುಗಳಂತೆ ಜೋಡಿಸುತ್ತಾರೆ. ನಿರ್ಗುಣ ಪರಬ್ರಹ್ಮದ ಉಪಾಸಕರು ಮೇಲಿನ ಮೆಟ್ಟಿಲಿನಲ್ಲಿ, ಸಗುಣ ಈಶ್ವರನನ್ನು ಪೂಜಿಸುವವರು ಅದರ ಕೆಳಗೆ, ಅವತಾರ ಪುರುಷರನ್ನು ಆರಾಧಿಸುವವರು ಅದಕ್ಕೂ ಕೆಳಗೆ ನಿಲ್ಲುತ್ತಾರೆ. ಎಲ್ಲರಿಗೂ ಒಳಗೆ ಜಾಗವಿದೆ, ಆದರೆ ಮೇಲಿನ ಪೀಠ ಅದ್ವೈತ ವೇದಾಂತಕ್ಕೇ ಮೀಸಲು. ಏಕದೇವನನ್ನು ನಂಬುವ ಕ್ರೈಸ್ತರು, ಮುಸ್ಲಿಮರು ಮಾತ್ರವಲ್ಲ, ಭಕ್ತಿಯನ್ನೇ ಪರಮವೆಂದು ಸಾರಿದ ದ್ವೈತಿಗಳೂ ಶರಣರೂ ಈ ಶ್ರೇಣಿಯನ್ನು ಒಪ್ಪಲಾರರು. ಮನೆಗೆ ಕರೆದು ಆದರದಿಂದ ಕೆಳಗಿನ ಸಾಲಿನಲ್ಲಿ ಕೂರಿಸಿದರೆ ಅದು ಸಮಾನರ ಸಂವಾದ ಆದೀತೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ.

ಅವರ ನಂತರ ಆಕ್ಸ್‌ಫರ್ಡಿನ ಅದೇ ಪೀಠಕ್ಕೆ ಬಂದ ಆರ್.ಸಿ. ಜೇನರ್ ತಮ್ಮ 1953ರ ಪ್ರಾರಂಭಿಕ ಉಪನ್ಯಾಸದಲ್ಲಿಯೇ ಭಿನ್ನ ದಾರಿ ಹಿಡಿದರು. ಧರ್ಮಗಳ ನಡುವೆ ಸಾಮರಸ್ಯ ಸ್ಥಾಪಿಸುವುದು ವಿದ್ವಾಂಸನ ಕೆಲಸವಲ್ಲ, ಅವು ಎಲ್ಲಿ ನಿಜವಾಗಿ ಭಿನ್ನವಾಗಿವೆ ಎಂಬುದನ್ನು ಮರೆಮಾಚದೆ ತೋರಿಸುವುದೇ ಅವನ ಕೆಲಸ ಎಂಬುದು ಜೇನರ್ ಅವರ ನಿಲುವಾಗಿತ್ತು. ದಾನಿಯ ಆಶಯಕ್ಕೆ ಇದು ನೇರ ವಿರೋಧ. ಹೋಲಿಕೆಯನ್ನು ಹುಡುಕಬೇಕೋ ವ್ಯತ್ಯಾಸವನ್ನು ಗೌರವಿಸಬೇಕೋ ಎಂಬ ಈ ವಿವಾದ ಧರ್ಮಾಧ್ಯಯನದಲ್ಲಿ ಇಂದಿಗೂ ಮುಗಿದಿಲ್ಲ.

ವರ್ಣವ್ಯವಸ್ಥೆಯನ್ನು ಅವರು ಅದೇ ಪುಸ್ತಕದಲ್ಲಿ ಸಾಮಾಜಿಕ ಸಾಮರಸ್ಯದ ಪ್ರಯೋಗವೆಂಬಂತೆ ಸಮರ್ಥಿಸಿದ ರೀತಿಯೂ ನಂತರದ ತಲೆಮಾರುಗಳ ಆಕ್ಷೇಪಕ್ಕೆ ಗುರಿಯಾಗಿದೆ. ಜಾತಿಯಿಂದ ನೊಂದವರ ಕಡೆಯಿಂದ ನೋಡಿದಾಗ ಆ ಸಮರ್ಥನೆ ನಿಲ್ಲುವುದಿಲ್ಲ. ಇನ್ನೊಂದು ವಿವಾದ ವಿದ್ವತ್ತಿಗೆ ಸಂಬಂಧಿಸಿದ್ದು. ತಮ್ಮ ಸಂಶೋಧನ ಪ್ರಬಂಧದ ಭಾಗಗಳನ್ನು 'ಇಂಡಿಯನ್ ಫಿಲಾಸಫಿ'ಯ ಎರಡನೆಯ ಸಂಪುಟದಲ್ಲಿ ಬಳಸಿಕೊಳ್ಳಲಾಗಿದೆ ಎಂದು ಜದುನಾಥ ಸಿನ್ಹಾ 1929ರಲ್ಲಿ ಆರೋಪಿಸಿ ಕಲ್ಕತ್ತ ಹೈಕೋರ್ಟಿನ ಮೆಟ್ಟಿಲೇರಿದರು. ರಾಧಾಕೃಷ್ಣನ್ ಪ್ರತಿದಾವೆ ಹೂಡಿದರು. 1933ರಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು.

ಮೂರು ವರ್ಷದ ಪಠ್ಯಯೋಜನೆ

ಸ್ವತಂತ್ರ ಭಾರತದಲ್ಲಿ ಈ ವಿಷಯವನ್ನು ಪುಸ್ತಕದಿಂದ ಆಡಳಿತದ ಮಟ್ಟಕ್ಕೆ ತರುವ ಅವಕಾಶ ಅವರಿಗೆ 1948ರಲ್ಲಿ ಒದಗಿತು. ಕೇಂದ್ರ ಸರ್ಕಾರ ನೇಮಿಸಿದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗಕ್ಕೆ ಅವರೇ ಅಧ್ಯಕ್ಷರು. ತಾರಾಚಂದ್, ಜಾಕಿರ್ ಹುಸೇನ್, ಲಕ್ಷ್ಮಣಸ್ವಾಮಿ ಮೊದಲಿಯಾರ್, ವಿಜ್ಞಾನಿ ಮೇಘನಾದ ಸಹಾ ಮೊದಲಾದವರು ಸದಸ್ಯರು. ದೇಶ ವಿಭಜನೆಯ ಗಾಯ ಹಸಿಯಾಗಿತ್ತು. ಗಾಂಧೀಜಿಯ ಹತ್ಯೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಧರ್ಮದ ಹೆಸರಿನಲ್ಲಿ ಲಕ್ಷಾಂತರ ಜನ ಸತ್ತ ದೇಶದಲ್ಲಿ ಧರ್ಮದ ಮಾತನ್ನು ಕಾಲೇಜಿನೊಳಗೆ ತರಬೇಕೇ ಎಂಬ ಅಳುಕು ಸಹಜವಾಗಿತ್ತು.

1949ರಲ್ಲಿ ಸಲ್ಲಿಕೆಯಾದ ವರದಿ ಈ ಅಳುಕಿಗೆ ವಿವರವಾದ ಉತ್ತರ ನೀಡಿತು. ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಒಂದು ಮತದ ಬೋಧನೆ ಸಲ್ಲದು. ಆದರೆ ಧರ್ಮಗಳ ಬಗ್ಗೆ ಏನನ್ನೂ ತಿಳಿಸದೆ ವಿದ್ಯಾರ್ಥಿಯನ್ನು ಹೊರಗೆ ಕಳುಹಿಸುವುದೂ ಸರಿಯಲ್ಲ ಎಂಬುದು ಆಯೋಗದ ಅಭಿಪ್ರಾಯ. ಪ್ರತಿದಿನ ಕೆಲವು ನಿಮಿಷಗಳ ಮೌನದಿಂದ ಕೆಲಸ ಆರಂಭವಾಗಬೇಕು. ಪದವಿಯ ಮೊದಲ ವರ್ಷ ಬುದ್ಧ, ಕನ್‌ಫ್ಯೂಷಿಯಸ್, ಜರತುಷ್ಟ್ರ, ಸಾಕ್ರಟೀಸ್, ಯೇಸು, ಶಂಕರ, ರಾಮಾನುಜ, ಮಧ್ವ, ಮಹಮ್ಮದ್, ಕಬೀರ್, ನಾನಕ್, ಗಾಂಧಿ ಮೊದಲಾದವರ ಜೀವನಚರಿತ್ರೆಗಳ ಪಾಠ. ಎರಡನೆಯ ವರ್ಷ ಜಗತ್ತಿನ ಧರ್ಮಗ್ರಂಥಗಳಿಂದ ಆಯ್ದ ಸಾರ್ವತ್ರಿಕ ಸ್ವರೂಪದ ಭಾಗಗಳ ಅಧ್ಯಯನ. ಮೂರನೆಯ ವರ್ಷ ಧರ್ಮದ ತತ್ತ್ವಶಾಸ್ತ್ರದ ಮುಖ್ಯ ಸಮಸ್ಯೆಗಳ ಚರ್ಚೆ.

ಈ ಕ್ರಮದಲ್ಲಿ ಒಬ್ಬ ಅನುಭವಿ ಅಧ್ಯಾಪಕನ ಕೈಚಳಕ ಕಾಣುತ್ತದೆ. ಮೊದಲು ವ್ಯಕ್ತಿ, ಆಮೇಲೆ ಗ್ರಂಥ, ಕೊನೆಗೆ ವಿಚಾರ. ಅಪರಿಚಿತ ಧರ್ಮವೊಂದನ್ನು ಅದರ ಸಿದ್ಧಾಂತದಿಂದ ಪ್ರವೇಶಿಸಿದವನಿಗೆ ಎದುರಾಗುವುದು ವಾದ. ಒಬ್ಬ ಮನುಷ್ಯನ ಬದುಕಿನ ಮೂಲಕ ಪ್ರವೇಶಿಸಿದವನಿಗೆ ದೊರೆಯುವುದು ಪರಿಚಯ. ಪರಿಚಯವಾದ ಮೇಲೆ ವಾದಕ್ಕೂ ಬೇರೆಯ ಬೆಲೆ ಬರುತ್ತದೆ.

ಆದರೆ ಈ ಯೋಜನೆ ದೇಶದ ವಿಶ್ವವಿದ್ಯಾನಿಲಯಗಳಲ್ಲಿ ಸಾಮಾನ್ಯ ಪಠ್ಯವಾಗಿ ಜಾರಿಗೆ ಬರಲೇ ಇಲ್ಲ. ಸಂವಿಧಾನದ 28ನೇ ವಿಧಿ ಸಂಪೂರ್ಣವಾಗಿ ಸರ್ಕಾರಿ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸಿದೆ. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ಬೋಧಿಸುವುದು ಬೇರೆ ಎಂಬ ವ್ಯತ್ಯಾಸವನ್ನು 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಮತ್ತೊಮ್ಮೆ ಸ್ಪಷ್ಟಪಡಿಸಿತು. 2002ರಲ್ಲಿ ಅರುಣಾ ರಾಯ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಧರ್ಮಗಳ ಬಗೆಗಿನ ತಿಳಿವಳಿಕೆ ನೀಡುವುದಕ್ಕೆ 28ನೇ ವಿಧಿ ಅಡ್ಡಿಯಲ್ಲ ಎಂದು ಹೇಳಿತು. ಕಾನೂನಿನ ಬಾಗಿಲು ತೆರೆದೇ ಇದೆ.

ಗುರು, ರಾಷ್ಟ್ರಪತಿ

ಮುಂದಿನ ಜೀವನ ಎಲ್ಲರಿಗೂ ತಿಳಿದಿರುವಂಥದ್ದು. 1949ರಿಂದ ಸೋವಿಯತ್ ಒಕ್ಕೂಟದಲ್ಲಿ ರಾಯಭಾರಿ, 1952ರಿಂದ ಹತ್ತು ವರ್ಷ ಉಪರಾಷ್ಟ್ರಪತಿ, 1954ರಲ್ಲಿ ಭಾರತರತ್ನ, 1962ರಿಂದ 1967ರವರೆಗೆ ರಾಷ್ಟ್ರಪತಿ. ನಾಸ್ತಿಕ ಸಿದ್ಧಾಂತವನ್ನು ರಾಜ್ಯನೀತಿಯಾಗಿ ಹೊಂದಿದ್ದ ದೇಶಕ್ಕೆ ಧರ್ಮದ ತತ್ತ್ವಜ್ಞರೊಬ್ಬರನ್ನು ರಾಯಭಾರಿಯಾಗಿ ಕಳುಹಿಸಿದ ನೆಹರೂ ಅವರ ಆಯ್ಕೆ ಹಲವರಿಗೆ ಅಚ್ಚರಿ ತಂದಿತ್ತು. ಅವರು ರಾಷ್ಟ್ರಪತಿಯಾಗಿದ್ದಾಗಲೇ, 1964ರ ಡಿಸೆಂಬರಿನಲ್ಲಿ, ಆರನೇ ಪೌಲ್ ಪೋಪರು ಮುಂಬಯಿಗೆ ಬಂದರು. ಪೋಪರೊಬ್ಬರು ಭಾರತದ ನೆಲದ ಮೇಲೆ ಕಾಲಿಟ್ಟದ್ದು ಅದೇ ಮೊದಲು. ಅವರ ನಂತರ ರಾಷ್ಟ್ರಪತಿಯಾದವರು ಆಯೋಗದಲ್ಲಿ ಅವರ ಸಹೋದ್ಯೋಗಿಯಾಗಿದ್ದ ಜಾಕಿರ್ ಹುಸೇನ್.

ನಿವೃತ್ತಿಯ ಬಳಿಕ ಮದ್ರಾಸಿನ ಮೈಲಾಪುರದ ಮನೆಗೆ ಮರಳಿದ ರಾಧಾಕೃಷ್ಣನ್ ಕೊನೆಯ ವರ್ಷಗಳನ್ನು ಅನಾರೋಗ್ಯದಲ್ಲಿ ಕಳೆದರು. 1975ರಲ್ಲಿ ಧರ್ಮಕ್ಷೇತ್ರದ ಸೇವೆಗೆ ಮೀಸಲಾದ ಟೆಂಪಲ್ಟನ್ ಪ್ರಶಸ್ತಿ ಅವರಿಗೆ ಬಂದಿತು. ಆ ಪ್ರಶಸ್ತಿ ಪಡೆದ ಮೊದಲ ಕ್ರೈಸ್ತೇತರರು ಅವರು. ಪ್ರಶಸ್ತಿಯ ಹಣವನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಅದೇ ವರ್ಷ ಏಪ್ರಿಲ್ 17ರಂದು, 86ನೇ ವಯಸ್ಸಿನಲ್ಲಿ ಅವರು ನಿಧನರಾದರು. ಅವರ ಪುತ್ರ, ಇತಿಹಾಸಕಾರ ಸರ್ವೆಪಲ್ಲಿ ಗೋಪಾಲ್ 1989ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ತಂದೆಯ ಗುಣದೋಷಗಳೆರಡನ್ನೂ ಮುಚ್ಚಿಡದೆ ದಾಖಲಿಸಿರುವುದು ಉಲ್ಲೇಖನೀಯ.

ಮೈಸೂರಿಗೆ ಉಳಿದಿರುವ ಪಾಠ

ಧರ್ಮಗಳ ನಡುವಿನ ಸಂವಾದಕ್ಕೆ ಕರ್ನಾಟಕ ನಂತರವೂ ನೆಲೆಯಾಗಿದೆ. ಪಿ.ಡಿ. ದೇವನಂದನ್ ಅವರ ನೇತೃತ್ವದಲ್ಲಿ 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧರ್ಮ ಮತ್ತು ಸಮಾಜಗಳ ಕ್ರೈಸ್ತ ಅಧ್ಯಯನ ಸಂಸ್ಥೆ, ಅನ್ಯಧರ್ಮೀಯ ಚಿಂತಕರೊಡನೆ ಗಂಭೀರ ಚರ್ಚೆಗೆ ದಾರಿ ಮಾಡಿತು. ಪಟಿಯಾಲದ ಪಂಜಾಬಿ ವಿಶ್ವವಿದ್ಯಾನಿಲಯದಲ್ಲಿ 1967ರಲ್ಲಿ ತೆರೆದ ಧರ್ಮಾಧ್ಯಯನ ವಿಭಾಗ ದೇಶದಲ್ಲಿ ಈ ಬಗೆಯ ಮೊದಲ ಪ್ರಯತ್ನಗಳಲ್ಲಿ ಒಂದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ತತ್ತ್ವಶಾಸ್ತ್ರದ ಜೊತೆಗೆ ಜೈನಶಾಸ್ತ್ರ ಮತ್ತು ಪ್ರಾಕೃತ, ಕ್ರೈಸ್ತ ಧರ್ಮ ಅಧ್ಯಯನ ವಿಭಾಗಗಳೂ ರೂಪುಗೊಂಡವು. ಆದರೆ ಇಂಥ ವಿಭಾಗಗಳಿಗೆ ಬರುವವರು ಆ ವಿಷಯವನ್ನೇ ಆರಿಸಿಕೊಂಡವರು. ವಾಣಿಜ್ಯವನ್ನೋ ಎಂಜಿನಿಯರಿಂಗನ್ನೋ ಓದುವ ಸಾಮಾನ್ಯ ವಿದ್ಯಾರ್ಥಿಗೆ ಪಕ್ಕದ ಬೆಂಚಿನಲ್ಲಿ ಕುಳಿತವನ ಹಬ್ಬದ ರಜೆ ಗೊತ್ತು, ಆ ಹಬ್ಬದ ಅರ್ಥ ಗೊತ್ತಿಲ್ಲ. 1949ರ ವರದಿ ಮಾತನಾಡಿದ್ದು ಇಂಥ ವಿದ್ಯಾರ್ಥಿಯ ಬಗ್ಗೆಯೇ.

ನಾಲ್ವಡಿಯವರು 1933ರಲ್ಲಿ ಶಂಕುಸ್ಥಾಪನೆ ಮಾಡಿದ ಸಂತ ಫಿಲೋಮಿನಾ ಚರ್ಚ್, ಚಾಮುಂಡಿ ಬೆಟ್ಟ, ಮಸೀದಿಗಳು, ಬಸದಿಗಳು, ಮಠಗಳು ಎಲ್ಲವೂ ಮೈಸೂರಿನಲ್ಲಿ ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ. ಹತ್ತಿರ ಇರುವುದೇ ಅರಿವಲ್ಲ ಎಂಬುದನ್ನು ರಾಧಾಕೃಷ್ಣನ್ ಮದ್ರಾಸಿನ ತರಗತಿಯಲ್ಲಿಯೇ ಕಂಡುಕೊಂಡಿದ್ದರು. ನಿಂದೆಗೆ ಓದಿನಿಂದ ಉತ್ತರ ಕೊಡಬಹುದು ಎಂಬುದು ಅವರ ಬದುಕಿನಿಂದ ಕಲಿಯಬೇಕಾದ ಒಂದು ಪಾಠ. ಸಂವಾದಕ್ಕೆ ಕರೆದವನು ತನ್ನ ಆಸನವನ್ನು ಎತ್ತರದಲ್ಲಿ ಇಟ್ಟುಕೊಳ್ಳಬಾರದು ಎಂಬುದು ಅವರ ಮಿತಿಗಳಿಂದ ಕಲಿಯಬೇಕಾದ ಇನ್ನೊಂದು ಪಾಠ. ಎರಡನ್ನೂ ಕಲಿಸಬಲ್ಲ ತರಗತಿ ಎಲ್ಲ ವಿದ್ಯಾರ್ಥಿಗಳಿಗೂ ದೊರೆಯುವಂತಾದರೆ, ಅದು ಹಾರ ತುರಾಯಿಗಳಿಗಿಂತ ಹೆಚ್ಚಿನ ಗುರುಕಾಣಿಕೆಯಾದೀತು.